ಪುಸ್ತಕವಿಲ್ಲದೆ ಬಂದ ದಾಳಗಳು

ಭಾನುವಾರ ಮಧ್ಯಾಹ್ನ ಬರುತ್ತೇನೆ ಎಂದು ತಮ್ಮ ಒಪ್ಪಿಕೊಂಡಾಗಲೇ ಅಕ್ಕನಿಗೆ ಅರ್ಧ ಗೆದ್ದ ಹಾಗಾಗಿತ್ತು. ಫೋನಿನಲ್ಲಿ ಅವನನ್ನು ಹಿಡಿಯುವುದೆಂದರೆ ಸೋಪು ಹಚ್ಚಿದ ಮಗುವನ್ನು ಹಿಡಿದ ಹಾಗೆ. ನೋಡೋಣ ಅನ್ನುತ್ತಾನೆ, ಮನೆಯಲ್ಲಿ ಕೇಳಿ ಹೇಳುತ್ತೇನೆ ಅನ್ನುತ್ತಾನೆ, ಯಾರೋ ಬಂದರು ಆಮೇಲೆ ಮಾಡುತ್ತೇನೆ ಅನ್ನುತ್ತಾನೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಎದುರಿಗೆ ಕೂರಿಸಿಕೊಂಡರೆ ಮಾತ್ರ ಹೌದು ಅಥವಾ ಇಲ್ಲ ಅನ್ನಿಸಬಹುದು ಎಂಬ ನಂಬಿಕೆ ಅವಳಿಗೆ.

ಅಕ್ಕ ಕೆಲಸ ಮಾಡುವುದು ಕಿವಿಯ ಯಂತ್ರ ಮಾಡುವ ವರ್ಕ್‌ಶಾಪಿನಲ್ಲಿ. ಕಿವಿ ಮಂದವಾದವರು ಬಂದು ಕುರ್ಚಿಯಲ್ಲಿ ತಲೆ ವಾಲಿಸಿ ಕೂತರೆ ಅವಳು ಮೆತ್ತನೆಯ ಹಿಟ್ಟಿನಂಥದ್ದನ್ನು ಕಲಸಿ ಕಿವಿಯೊಳಗೆ ತುಂಬುತ್ತಾಳೆ. ಅದು ಗಟ್ಟಿಯಾದ ಮೇಲೆ ಮೆಲ್ಲಗೆ ತಿರುಗಿಸಿ ಹೊರಗೆ ತೆಗೆದರೆ ಅದೇ ಅಚ್ಚು. ಯಂತ್ರದ ಕವಚ ಆ ಅಚ್ಚಿನ ಅಳತೆಗೇ ಕೂರಬೇಕು, ಕೂದಲೆಳೆ ಹೆಚ್ಚುಕಡಿಮೆಯಾದರೂ ಕಿವಿಯಲ್ಲಿ ಕುಂಯ್ ಎಂದು ಕೂಗತೊಡಗುತ್ತದೆ. ಅಕ್ಕ ಮಾಡಿದ್ದು ಕೂಗುವುದಿಲ್ಲ ಎಂಬ ಮಾತಿತ್ತು. ಈಗ ಮಾಲೀಕರು ಬೇರೆ ಊರಿನಲ್ಲಿ ಇನ್ನೊಂದು ವರ್ಕ್‌ಶಾಪು ತೆರೆಯುತ್ತಿದ್ದರು. ಒಂದು ವರ್ಷದ ಮಟ್ಟಿಗೆ ಅಲ್ಲಿಗೆ ಮುಖ್ಯಸ್ಥೆಯಾಗಿ ಬನ್ನಿ, ಹೊಸಬರಿಗೆ ಕೈ ತಿದ್ದಿಕೊಡಿ, ನೀವಿಲ್ಲದೆ ಆಗೋದಿಲ್ಲ ಎಂದಿದ್ದರು. ಐವತ್ತರ ಹೊಸ್ತಿಲಲ್ಲಿ ಅವಳಿಗೆ ಒಬ್ಬರು ಹಾಗೆ ಹೇಳಿದ್ದು ಅದೇ ಮೊದಲು. ಮನೆಯವರು ಅವಳು ಹುಟ್ಟಿದಾಗಿನಿಂದ ಹಾಗೆಯೇ ನಡೆದುಕೊಂಡಿದ್ದರು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಅಡ್ಡಿ ಅಂದರೆ ಅಪ್ಪ. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವರು ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಿದ್ದರು. ತಲೆ ಚುರುಕಾಗಿಯೇ ಇತ್ತು, ಆದರೆ ಬಗ್ಗುವ ಹಾಗಿರಲಿಲ್ಲ. ಸ್ನಾನ ಮಾಡಿಸಬೇಕು, ಕಾಲುಚೀಲ ಬೂಟು ಹಾಕಬೇಕು, ಸಂಜೆ ಕೈಹಿಡಿದು ಬೀದಿಯ ಕೊನೆಯವರೆಗೆ ನಡೆಸಬೇಕು. ಅದಕ್ಕೂ ಮೊದಲು ಅಮ್ಮ ಬಹಳ ಕಾಲ ಹಾಸಿಗೆ ಹಿಡಿದಿದ್ದರು. ಅಕ್ಕನ ಮದುವೆಯ ಮಾತು ಬಂದಾಗಲೆಲ್ಲ ಮನೆಯಲ್ಲಿ ಯಾರಾದರೊಬ್ಬರು ಆಸ್ಪತ್ರೆಯಲ್ಲಿರುತ್ತಿದ್ದರು. ಆಮೇಲಾಮೇಲೆ ಮಾತು ಬರುವುದೂ ನಿಂತಿತು, ಅವಳು ಅದನ್ನು ಒಂದು ಬಿಡುವು ಅಂತಲೇ ತಿಳಿದಳು.

ತಮ್ಮನದು ಲಿಫ್ಟು ಇರುವ ದೊಡ್ಡ ಕಟ್ಟಡದಲ್ಲಿ ಅಚ್ಚುಕಟ್ಟಾದ ಮನೆ. ಅಡುಗೆಮನೆಗಳಿಗೆ ಕಪಾಟು ಕೂರಿಸಿಕೊಡುವ ವ್ಯಾಪಾರ ಅವನದು, ವ್ಯಾಪಾರ ಚೆನ್ನಾಗಿತ್ತು. ಬಂದವರಿಗೆಂದು ಒಂದು ಕೋಣೆಯೂ ಇತ್ತು, ಸದ್ಯಕ್ಕೆ ಅದರಲ್ಲಿ ವ್ಯಾಯಾಮದ ಸೈಕಲ್ಲೊಂದು ವಾಸವಾಗಿತ್ತು. ಒಂದು ವರ್ಷದ ಮಟ್ಟಿಗೆ ಆ ಸೈಕಲ್ಲನ್ನು ಒಕ್ಕಲೆಬ್ಬಿಸಿ ಅಪ್ಪನನ್ನು ಇಟ್ಟುಕೊಳ್ಳಬೇಕು. ಅಕ್ಕ ಕೇಳಬೇಕೆಂದಿದ್ದದ್ದು ಅಷ್ಟೇ. ಸೋಮವಾರ ಮಾಲೀಕರಿಗೆ ಉತ್ತರ ಹೇಳಬೇಕಾಗಿತ್ತು.

ತಮ್ಮ ಕೇಕಿನ ಡಬ್ಬಿ ಹಿಡಿದು ಬಂದ. ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತು ಹೇಗಿದ್ದೀರಿ ಎಂದು ಕೇಳಿ, ಚೆನ್ನಾಗಿದ್ದೀನಿ ಅಂದದ್ದನ್ನು ಪೂರ್ತಿ ಕೇಳಿಸಿಕೊಳ್ಳದೆ ಬಾಗಿಲು ಮುಂದೆ ಮಾಡಿ ಬಂದು ಕೂತ. ಅಕ್ಕ ಕಾಫಿ ಕೊಟ್ಟಳು. ಸುತ್ತಿ ಬಳಸದೆ ವಿಷಯ ಹೇಳಿದಳು. ಅವನು ತಲೆಯಾಡಿಸುತ್ತ ಕೇಳಿದ, ಅಕ್ಕನಿಗೆ ಇಂಥ ಅವಕಾಶ ಬಂದದ್ದಕ್ಕೆ ನಿಜವಾಗಿಯೂ ಸಂತೋಷಪಟ್ಟ. ಆಮೇಲೆ ತನ್ನ ಕಡೆಯ ಕಷ್ಟಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದ. ಹೆಂಡತಿಯ ಮಂಡಿನೋವು, ಮಗಳ ಪರೀಕ್ಷೆ, ಆಗಾಗ ಕೆಡುವ ಲಿಫ್ಟು. ತಾನು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೇ ಬರುವವನು. ಯಾವುದೂ ಸುಳ್ಳಲ್ಲ, ಅದೇ ಅವನ ಜಾಣತನ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಕ್ಕ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಇನ್ನೇನು ಜಗಳವೇ ಆಗುತ್ತದೆ ಅನ್ನುವ ಹೊತ್ತಿಗೆ ಅವನು ಜೇಬಿಗೆ ಕೈಹಾಕಿ, ದಾರ ಬಿಗಿದ ಒಂದು ಸಣ್ಣ ಬಟ್ಟೆಯ ಚೀಲ ತೆಗೆದು ಕಾಫಿ ಲೋಟದ ಪಕ್ಕ ಇಟ್ಟ.

ಚೀಲದ ಬಾಯಿ ಬಿಚ್ಚುವ ಮೊದಲೇ ಅವಳಿಗೆ ಗೊತ್ತಾಯಿತು. ಕಂದು ಬಟ್ಟೆ, ಒಂದು ಮೂಲೆಯಲ್ಲಿ ಅಮ್ಮ ಹಾಕಿದ ಕೆಂಪು ದಾರದ ಹೊಲಿಗೆ. ಒಳಗೆ ಏಳು ದಾಳಗಳು.

ಅಪ್ಪ ಆಗ ಮನೆ ಸಾಮಾನು ಸಾಗಿಸುವ ಲಾರಿ ಓಡಿಸುತ್ತಿದ್ದರು. ಜನ ಮನೆ ಖಾಲಿ ಮಾಡುವಾಗ ಬೇಡದ್ದನ್ನು ಇವರ ಕೈಗೇ ಕೊಟ್ಟು ಎಸೆದುಬಿಡಿ ಅನ್ನುವುದು ವಾಡಿಕೆ. ಎಸೆಯುವುದಕ್ಕೆಂದು ತಂದದ್ದರಲ್ಲಿ ಅರ್ಧ ನಮ್ಮ ಮನೆ ಸೇರುತ್ತೆ ಎಂದು ಅಮ್ಮ ಗೊಣಗುತ್ತಿದ್ದರು. ಹಾಗೆ ಒಂದು ದಿನ ಬಂದದ್ದು ಈ ಚೀಲ. ಒಳಗಿದ್ದವು ಸಾಧಾರಣ ದಾಳಗಳಲ್ಲ. ನಾಲ್ಕು ಮುಖದ್ದೊಂದು, ಎಂಟು ಮುಖದ್ದೊಂದು, ಹನ್ನೆರಡರದ್ದೊಂದು, ಹೀಗೆ, ಎಲ್ಲಕ್ಕಿಂತ ದೊಡ್ಡದಕ್ಕೆ ಇಪ್ಪತ್ತು ಮುಖ. ಬೆಳಕಿಗೆ ಹಿಡಿದರೆ ಒಳಗೆಲ್ಲ ನೀಲಿ. ಅಂಕಿಗಳನ್ನು ಕೊರೆದಿದ್ದರೇ ಹೊರತು ಬಣ್ಣ ತುಂಬಿರಲಿಲ್ಲ. ಅಕ್ಕ ಬಿಳಿ ಮೇಣದ ಬಣ್ಣದ ಕಡ್ಡಿಯನ್ನು ಮೇಲೆಲ್ಲ ಉಜ್ಜಿ ಹಳೆಯ ಬನಿಯನ್ನಿನಿಂದ ಒರೆಸಿದಳು. ಮೇಣ ಗೀರುಗಳಲ್ಲಿ ಮಾತ್ರ ಉಳಿದು ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಜೀವನದಲ್ಲಿ ಆಮೇಲೆ ಅವಳು ಎಷ್ಟೋ ಕೆಲಸ ಮಾಡಿದಳು, ಅಷ್ಟು ಸುಖ ಕೊಟ್ಟ ಕೆಲಸ ಇನ್ನೊಂದಿಲ್ಲ.

ಜೂಜಿನ ಸಾಮಾನು ಮನೆಯೊಳಗೆ ಬೇಡ ಎಂದು ಅಮ್ಮ ಹಟ ಹಿಡಿದರು. ಇದು ಜೂಜಲ್ಲ, ಕಥೆಯ ಆಟ ಎಂದು ಶಾಲೆಯ ಗೆಳತಿಯೊಬ್ಬಳು ಹೇಳಿದ ಮೇಲೆ ಚೀಲಕ್ಕೆ ಹೊಲಿಗೆ ಹಾಕಿಕೊಟ್ಟವರೂ ಅವರೇ. ಒಬ್ಬರು ಕಥೆ ಹೇಳಬೇಕಂತೆ, ಇನ್ನೊಬ್ಬರು ಆ ಕಥೆಯೊಳಗೆ ಹೋಗಿ ದಾಳ ಹಾಕಬೇಕಂತೆ. ಗೆಳತಿಗೆ ಗೊತ್ತಿದ್ದದ್ದೂ ಅಷ್ಟೆ. ಆಟಕ್ಕೆ ದಪ್ಪ ಪುಸ್ತಕ ಇರುತ್ತದೆ, ನಿಯಮವೆಲ್ಲ ಅದರಲ್ಲಿರುತ್ತದೆ ಅಂದಳು. ಪುಸ್ತಕ ಯಾವ ಮನೆಯ ಯಾವ ಕಸದಲ್ಲಿ ಹೋಯಿತೋ ಏನೋ. ಹಾಗಾಗಿ ನಿಯಮಗಳನ್ನು ಅಕ್ಕನೇ ಮಾಡಿದಳು. ಆಗ ಅವಳಿಗೆ ಹತ್ತು ವರ್ಷ, ತಮ್ಮನಿಗೆ ಏಳು.

ಮೊದಲನೆಯ ನಿಯಮದಲ್ಲಿ ಇಬ್ಬರಿಗೂ ಸಂಶಯವೇ ಬರಲಿಲ್ಲ. ಒಂದು ಬಿದ್ದರೆ ಗೆಲುವು, ಇಪ್ಪತ್ತು ಬಿದ್ದರೆ ಸರ್ವನಾಶ. ತರಗತಿಯಲ್ಲಿ ಒಂದನೆಯ ರ‍್ಯಾಂಕು ಬಂದವರಿಗೆ ಬಹುಮಾನ, ಇಪ್ಪತ್ತನೆಯದು ಬಂದವರಿಗೆ ಮನೆಯಲ್ಲಿ ಏಟು. ಲೋಕದ ರೀತಿಯೇ ಹಾಗಿರುವಾಗ ದಾಳಕ್ಕೆ ಬೇರೆ ರೀತಿ ಎಲ್ಲಿಂದ ಬರಬೇಕು? ಇಪ್ಪತ್ತು ಮುಖದ್ದಕ್ಕೆ ದೊಡ್ಡಪ್ಪ ಎಂದು ಹೆಸರಿಟ್ಟರು. ಹನ್ನೆರಡರದ್ದು ಚಿಕ್ಕಪ್ಪ. ಎಂಟರದ್ದು ಎತ್ತ ಉರುಳಿದರೂ ಮುಖ ಸಿಂಡರಿಸಿದಂತೆ ಕಾಣುತ್ತಿದ್ದುದರಿಂದ ಅತ್ತೆ. ನಾಲ್ಕರದ್ದು ಕಾಲಿಗೆ ಚುಚ್ಚಿ ಅಪ್ಪನ ಬಾಯಲ್ಲಿ ಬೈಗುಳ ತರಿಸಿದ ದಿನವೇ ಮುಳ್ಳು ಎಂದಾಯಿತು. ದೊಡ್ಡ ತೀರ್ಮಾನಗಳೆಲ್ಲ ದೊಡ್ಡಪ್ಪನ ಪಾಲು. ಗುಹೆಯ ಬಾಗಿಲು ತೆರೆಯುತ್ತದೋ ಇಲ್ಲವೋ, ನದಿ ದಾಟಬಹುದೋ ಮುಳುಗಬೇಕೋ, ದೊಡ್ಡಪ್ಪನನ್ನು ಕೇಳಬೇಕು.

ಅಕ್ಕ ಕಥೆ ಹೇಳುತ್ತಿದ್ದಳು, ತಮ್ಮ ಬಾಯಿ ತೆರೆದು ಕೇಳುತ್ತಿದ್ದ. ಅವಳು ಕಟ್ಟಿದ ಊರುಗಳಲ್ಲಿ ಅವನು ರಾಜನಾದ, ಕಳ್ಳನಾದ, ಒಮ್ಮೆ ಸತ್ತೂ ಹೋದ, ಸತ್ತದ್ದಕ್ಕೆ ಊಟ ಬಿಟ್ಟು ಅತ್ತ. ಲಾರಿ ನಿಲ್ಲಿಸಿ ಬಂದ ಅಪ್ಪ ಮಂಚದ ಮೇಲೆ ಮೈಚಾಚಿ, ಕಣ್ಣುಮುಚ್ಚಿಕೊಂಡೇ ಎಷ್ಟು ಬಿತ್ತು ಎಂದು ಕೇಳುತ್ತಿದ್ದರು. ಒಂದು ಬಿತ್ತು ಎಂದರೆ ಮಲಗಿದಲ್ಲಿಂದಲೇ ಭಲೇ ಅನ್ನುತ್ತಿದ್ದರು. ಆ ಕಾಲದಲ್ಲಿ ಅಕ್ಕನ ಮಾತಿಗೆ ಒಂದು ಮನೆ ತುಂಬ ಜನ ಕಿವಿಗೊಡುತ್ತಿದ್ದರು. ಆಮೇಲೆ ಯಾರೂ ಕೊಡಲಿಲ್ಲ ಎಂಬುದು ಅವಳ ಕೊರಗು. ಆ ಕೊರಗು ಬಂದಾಗಲೆಲ್ಲ ಅವಳಿಗೆ ಈ ದಾಳಗಳೇ ನೆನಪಾಗುತ್ತಿದ್ದವು.

ತಮ್ಮ ಓದಲಿಕ್ಕೆ ಹಾಸ್ಟೆಲಿಗೆ ಹೊರಟಾಗ ಚೀಲವನ್ನು ಅವಳೇ ಅವನ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ್ದಳು. ಅವನ ಮದುವೆಯಾದ ಮೇಲೆ ಒಂದು ಸಲ ಕೇಳಿದಳು. ಅಮ್ಮ ತೀರಿಕೊಂಡ ವರ್ಷ ಇನ್ನೊಂದು ಸಲ ಕೇಳಿದಳು. ಮನೆ ಬದಲಾಯಿಸುವಾಗ ಎಲ್ಲೋ ಕಳೆದುಹೋಯಿತು ಅಕ್ಕ ಎಂದು ಅವನು ಎರಡು ಸಲವೂ ಬೇಜಾರು ಮಾಡಿಕೊಂಡು ಹೇಳಿದ್ದ.

ಈಗ ಅವನು ನಗುತ್ತ ಹೇಳಿದ, ಚೀಲ ಮಗಳ ಪೆಟ್ಟಿಗೆಯಲ್ಲೇ ಇತ್ತಂತೆ. ಅವಳು ಆಟ ಕಲಿತದ್ದೇ ಇದರಲ್ಲಂತೆ. ಈಗ ಅವಳ ಗೆಳೆಯರ ಗುಂಪು ಶನಿವಾರ ಶನಿವಾರ ಮನೆಗೆ ಬಂದು ಆಡುತ್ತದಂತೆ, ಒಮ್ಮೊಮ್ಮೆ ಅವನೂ ಕೂರುತ್ತಾನಂತೆ. ಹಾಗಾದರೆ ಕಳೆದುಹೋಗಿತ್ತು ಎಂದದ್ದು? ಅಕ್ಕನ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ಉಳಿಯಿತು. ಕೈಯಲ್ಲಿ ದೊಡ್ಡಪ್ಪನಿದ್ದ. ಮೂಲೆಗಳು ಸವೆದಿದ್ದವು, ಗೀರುಗಳಲ್ಲಿ ಅವಳು ತುಂಬಿದ್ದ ಬಿಳಿ ಮೇಣ ಹಳದಿಯಾಗಿ ಇನ್ನೂ ಅಲ್ಲಲ್ಲಿ ಉಳಿದಿತ್ತು. ಅವಳಿಗೆ ಕಣ್ಣು ತುಂಬಿ ಬಂತು. ಇಂಥದ್ದನ್ನು ಇವತ್ತು ನೆನಪಿಟ್ಟು ತಂದಿದ್ದಾನಲ್ಲ, ಇವನ ಮೇಲೆ ಎಂಥ ಜಗಳ ಎಂದುಕೊಂಡಳು.

"ಅಕ್ಕ, ನಾವಿಬ್ರೂ ಮಾತಾಡ್ತಾ ಹೋದ್ರೆ ಮನಸ್ಸು ಕೆಡುತ್ತೆ ಅಷ್ಟೆ," ತಮ್ಮ ಹೇಳಿದ. "ಆಗಿನ ಹಾಗೆ ದೊಡ್ಡಪ್ಪನ್ನೇ ಕೇಳಿಬಿಡೋಣ. ಗೆದ್ದವರು ಹೇಳಿದ ಹಾಗೆ. ಆಮೇಲೆ ಯಾರೂ ಯಾರ ಮೇಲೂ ಬೇಜಾರು ಮಾಡ್ಕೋಬಾರ್ದು."

ಇನ್ಯಾರಾದರೂ ಹೀಗೆ ಹೇಳಿದ್ದರೆ ಅಕ್ಕ ಕೇಕಿನ ಡಬ್ಬಿ ಸಮೇತ ಹೊರಗೆ ಕಳಿಸುತ್ತಿದ್ದಳು. ಬದುಕಿನ ಒಂದು ವರ್ಷ, ಬಗ್ಗಲಾಗದ ಒಬ್ಬ ಮುದುಕ, ಇದನ್ನೆಲ್ಲ ದಾಳಕ್ಕೆ ಒಪ್ಪಿಸುವವರನ್ನು ಏನೆನ್ನಬೇಕು? ಆದರೆ ದೊಡ್ಡಪ್ಪ ಎಂಬ ಹೆಸರನ್ನು ಅವನ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಆ ಹೆಸರು ಗೊತ್ತಿದ್ದವರು ಭೂಮಿಯ ಮೇಲೆ ಮೂರೇ ಜನ. ಮೂಗಿಗೆ ತುಪ್ಪ ಸವರಿದ್ದು ಅವಳಿಗೆ ತಿಳಿಯಲಿಲ್ಲ, ವಾಸನೆ ಮಾತ್ರ ಚೆನ್ನಾಗಿತ್ತು. ಆಗಲಿ ಎಂದುಬಿಟ್ಟಳು.

ಕಾಫಿ ಲೋಟ ಸರಿಸಿ ಮೇಜಿನ ನಡುವೆ ಜಾಗ ಮಾಡಿದರು. ದೊಡ್ಡವಳು ನೀನೇ ಮೊದಲು ಹಾಕು ಎಂದು ಅವನೇ ಹೇಳಿದ. ಅಕ್ಕ ಎರಡೂ ಅಂಗೈ ನಡುವೆ ದಾಳವನ್ನಿಟ್ಟು ಕುಲುಕಿದಳು. ಮೇಜಿನ ಮೇಲೆ ಅದು ತನ್ನ ಹಳೆಯ ಸದ್ದಿನಲ್ಲೇ ಉರುಳಿತು, ಕೇಕಿನ ಡಬ್ಬಿಗೆ ತಾಗಿ, ಒಂದು ಸಲ ಹೊರಳಿ ನಿಂತಿತು.

"ಒಂದು," ಅಂದಳು ಅಕ್ಕ. ಗಟ್ಟಿಯಾಗಿಯೇ ಅಂದಳು. ಹತ್ತು ವರ್ಷದವಳ ದನಿ ಐವತ್ತರವಳ ಗಂಟಲಿಂದ ಹೊರಬಿದ್ದದ್ದು ಕೇಳಿ ಅವಳಿಗೇ ನಗು ಬಂತು. ಹೊಸ ಊರಿನ ಕೋಣೆ, ಅದರ ಕಿಟಕಿ, ಹೊಸ ಹುಡುಗಿಯರ ಕೈ ತಿದ್ದುವ ತಾನು, ಎಲ್ಲವೂ ಕಣ್ಣೆದುರು ನಿಂತವು.

ತಮ್ಮ ದಾಳವನ್ನೆತ್ತಿ ಹಾಕಿದ. ಹದಿನಾಲ್ಕು.

ಅಕ್ಕ ಅವನ ಮುಖ ನೋಡಿದಳು. ಸೋತಾಗ ಅವನ ಕೆಳತುಟಿ ಮುಂದೆ ಬರುತ್ತಿತ್ತು. ಈಗ ಬರಲಿಲ್ಲ. ಅವನು ಅವಳನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಿದ್ದ.

"ಅಕ್ಕ, ಒಂದು ಅಂದ್ರೆ ಎಲ್ಲಕ್ಕಿಂತ ಕಡಿಮೆ," ಅಂದ. "ನಾವು ಆಗ ತಪ್ಪು ಆಡ್ತಿದ್ವಿ. ನಿಜವಾದ ಆಟದಲ್ಲಿ ಇಪ್ಪತ್ತೇ ದೊಡ್ಡದು. ಯಾರನ್ನ ಬೇಕಾದ್ರೂ ಕೇಳು."

ಅಕ್ಕನಿಗೆ ಮೊದಲು ತಮಾಷೆ ಅನ್ನಿಸಿತು. ನಮ್ಮ ಆಟ ಅಲ್ಲವೇನೋ ಇದು ಎಂದಳು. ದಾಳ ದಾಳವೇ, ನಿಯಮ ನಿಯಮವೇ ಎಂದು ಅವನು ತಾಳ್ಮೆಯಿಂದ ವಿವರಿಸಿದ. ಪುಸ್ತಕದಲ್ಲಿ ಹಾಗೆಯೇ ಇದೆಯಂತೆ, ಅವನ ಮಗಳ ಬಳಿ ಪುಸ್ತಕವೂ ಇದೆಯಂತೆ, ಬೇಕಾದರೆ ಈಗಲೇ ಫೋನು ಹಚ್ಚಿ ಕೇಳಬಹುದಂತೆ. ನಾವು ಮಕ್ಕಳಾಗಿದ್ದಾಗ ಗೊತ್ತಿಲ್ಲದೆ ಮಾಡಿದ್ದನ್ನು ಇಷ್ಟು ದೊಡ್ಡವರಾದ ಮೇಲೂ ಹಿಡಿದುಕೊಂಡು ಕೂತರೆ ಹೇಗೆ ಎಂದ. ಚಿಕ್ಕ ಮಗುವಿಗೆ ಭೂಮಿ ಗುಂಡಗಿದೆ ಎಂದು ಹೇಳುವ ದನಿಯಲ್ಲಿ ಎಲ್ಲವನ್ನೂ ಹೇಳಿದ. ಅವಳು ಕಥೆ ಹೇಳಿದ್ದನ್ನೆಲ್ಲ ಬಾಯಿ ತೆರೆದು ಕೇಳಿದ್ದ ಹುಡುಗ ಈಗ ಅವಳಿಗೆ ಆಟ ಕಲಿಸುತ್ತಿದ್ದ.

"ಮೊದಲೇ ಯಾಕೆ ಹೇಳಲಿಲ್ಲ?"

"ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ."

"ನನಗೆ ಇಪ್ಪತ್ತು ಬಿದ್ದಿದ್ರೆ?"

"ಅಯ್ಯೋ, ಬಿದ್ದಿಲ್ವಲ್ಲ ಅಕ್ಕ," ಅಂದು ಅವನು ನಕ್ಕ.

ಆ ನಗುವಿನಲ್ಲಿ ಅಕ್ಕನಿಗೆ ಎಲ್ಲವೂ ಸ್ಪಷ್ಟವಾಯಿತು. ಇಪ್ಪತ್ತು ಬಿದ್ದಿದ್ದರೆ, ನಮ್ಮ ಆಟದಲ್ಲಿ ಇಪ್ಪತ್ತು ಸರ್ವನಾಶ ಅಲ್ಲವೇನಕ್ಕ, ಮರೆತೆಯಾ ಎಂದು ಇದೇ ನಗು ನಕ್ಕು ಹೇಳುತ್ತಿದ್ದ. ಹತ್ತು ಬಿದ್ದಿದ್ದರೂ ಹೇಳಲಿಕ್ಕೆ ಏನಾದರೂ ಇರುತ್ತಿತ್ತು. ಅವನ ಒಂದು ಜೇಬಿನಲ್ಲಿ ಹಳೆಯ ನಿಯಮ, ಇನ್ನೊಂದರಲ್ಲಿ ಹೊಸದು. ಯಾವ ಜೇಬಿಗೆ ಕೈಹಾಕಬೇಕೆಂದು ದಾಳ ನಿಂತ ಮೇಲೆ ನೋಡಿಕೊಂಡರಾಯಿತು. ತಾನು ಮೋಸ ಮಾಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿಯೂ ಇರಲಿಲ್ಲ. ಅದು ಅನ್ನಿಸುವವನಾಗಿದ್ದರೆ ಒಂದು ಏಟು ಕೊಟ್ಟು ಸುಮ್ಮನಾಗಬಹುದಿತ್ತು. ಅವನಿಗೆ ತಾನು ಗೆದ್ದೇ ಗೆದ್ದೆ ಎಂದು ನಿಜವಾಗಿಯೂ ಅನ್ನಿಸಿತ್ತು. ಹಿಡಿದ ಮೊಲಕ್ಕೆ ಮೂರೇ ಕಾಲು.

ಅಕ್ಕನಿಗೆ ಇನ್ನೂ ಹೊಟ್ಟೆ ಉರಿಸಿದ ಸಂಗತಿ ಬೇರೆ. ನಿಜವಾದ ಆಟ ಎಂಬ ಅವನ ಒಂದು ಮಾತಿಗೆ ಆ ಊರುಗಳು, ಆ ನದಿ, ಗುಹೆ, ಅಪ್ಪ ಅಂದ ಭಲೇಗಳು ಎಲ್ಲ ಒಟ್ಟಿಗೆ ಸುಳ್ಳಾಗಿ ಹೋದವು. ಮೂವತ್ತು ನಲವತ್ತು ವರ್ಷ ಅವಳು ಜೋಪಾನ ಮಾಡಿದ್ದು ಒಂದು ತಪ್ಪು. ಜಗತ್ತಿಗೆಲ್ಲ ಗೊತ್ತಿರುವ ತಪ್ಪು, ಅವಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಅವಳು ಜಗಳವಾಡಲಿಲ್ಲ. ಆಡಬಹುದಿತ್ತು. ದಾಳ ಬಿಸಾಕು, ಅಪ್ಪ ನಿನಗೂ ಅಪ್ಪನೇ, ಕರೆದುಕೊಂಡು ಹೋಗು ಎನ್ನಬಹುದಿತ್ತು. ಆದರೆ ಗೆದ್ದವರು ಹೇಳಿದ ಹಾಗೆ ಎಂದಾಗ ಆಗಲಿ ಎಂದವಳು ತಾನೇ. ಸೋತ ಮೇಲೆ ನೆಲ ಡೊಂಕು ಎಂದರೆ ಕೇಳುವವರು ಯಾರು? ಸರಿ ಬಿಡು ಎಂದಳು. ತಮ್ಮನಿಗೆ ಎಷ್ಟು ಹಗುರವಾಯಿತೆಂದರೆ, ಕೇಕಿನ ಎರಡು ತುಂಡು ತಾನೇ ಕತ್ತರಿಸಿಕೊಂಡು ತಿಂದ. ತಿಂಗಳಿಗೊಮ್ಮೆ ಬಂದು ಅಪ್ಪನನ್ನು ನೋಡಿಕೊಂಡು ಹೋಗುತ್ತೇನೆ ಎಂದು ಯಾರೂ ಕೇಳದೆ ಭರವಸೆ ಕೊಟ್ಟ. ಇಂಥ ಅವಕಾಶ ಮತ್ತೆ ಬಂದೇ ಬರುತ್ತೆ ಎಂದೂ ಹೇಳಿದ. ಏಳು ದಾಳಗಳನ್ನು ಎಣಿಸಿ ಚೀಲಕ್ಕೆ ಹಾಕಿ, ದಾರ ಬಿಗಿದು, ಮಗಳು ಕೇಳ್ತಾಳೆ ಎಂದು ಜೇಬಿಗಿಟ್ಟುಕೊಂಡ. ಅಪ್ಪ ಮಲಗಿರಬೇಕು, ಎಬ್ಬಿಸೋದು ಬೇಡ ಎಂದು ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿ ಮೆಟ್ಟಿಲಿಳಿದ. ಹೊರಗೆ ಕಾರು ಹೊರಟ ಸದ್ದಾಯಿತು.

ಲೋಟ ತೊಳೆದಿಟ್ಟು ಅಕ್ಕ ಅಪ್ಪನ ಕೋಣೆಗೆ ಹೋದಳು. ದಿನವೆಲ್ಲ ಕಂಡವರ ಕಿವಿ ನೋಡುವವಳಿಗೆ, ಆ ಬಾಗಿಲ ಹಿಂದೆ ಚೆನ್ನಾಗಿ ಕೇಳುವ ಎರಡು ಕಿವಿಗಳಿವೆ ಎಂಬುದೇ ಮರೆತುಹೋಗಿತ್ತು.

ಅಪ್ಪ ಮಂಚದ ಅಂಚಿನಲ್ಲಿ ಕೂತಿದ್ದರು. ತಲೆ ಬಾಚಿಕೊಂಡಿದ್ದರು. ಅಂಗಿಯ ಮೇಲೆ ಸ್ವೆಟರು. ತೊಡೆಯ ಮೇಲೆ ಆಸ್ಪತ್ರೆಗೆ ಹೋಗುವಾಗ ಒಯ್ಯುವ ಚೀಲ, ಅದರ ಬಾಯಿಂದ ಟವೆಲು ಇಣುಕುತ್ತಿತ್ತು. ಕಾಲಲ್ಲಿ ಬೂಟು. ಸೊಂಟ ಮುರಿದಾಗಿನಿಂದ ಒಂದು ದಿನವೂ ತಾವೇ ಹಾಕಿಕೊಂಡವರಲ್ಲ. ಹೇಗೋ ಬಗ್ಗಿ, ವಾಕರಿನ ಕಾಲಿನಿಂದ ತಳ್ಳಿಯೋ ಏನೋ ಹಾಕಿಕೊಂಡಿದ್ದರು. ಹಿಮ್ಮಡಿಯ ಚರ್ಮ ಮಡಿಚಿಹೋಗಿತ್ತು. ಹಣೆಯ ಮೇಲೆ ಬೆವರಿತ್ತು.

"ಒಂದು ಅಂದೆಯಲ್ಲ, ಕೇಳಿಸ್ತು," ಅಂದರು ಅಪ್ಪ. "ಆಮೇಲಿನದು ಈ ಬೂಟಿನ ಗುದ್ದಾಟದಲ್ಲಿ ಕೇಳಿಸ್ಲಿಲ್ಲ. ನೀನು ಹೋಗಿ ಬಾಮ್ಮ. ನಾನು ತಯಾರಾಗಿದ್ದೀನಿ. ಅವನೆಲ್ಲಿ?"

ಅಕ್ಕ ಅವರ ಕಾಲ ಬಳಿ ನೆಲದ ಮೇಲೆ ಕೂತು ಬೂಟಿನ ಲೇಸಿಗೆ ಕೈಹಾಕಿದಳು. ಹೋದ ಎಂದಳು. ಆಟದ ನಿಯಮ ಬದಲಾಗಿದೆಯಂತೆ, ಈಗ ಒಂದು ಬಿದ್ದವರು ಸೋತ ಹಾಗಂತೆ ಎಂದು ಹೇಳಿದಳು. ಅಪ್ಪ ಅವನಿಗೆಷ್ಟು ಬಿತ್ತು ಎಂದು ಕೇಳಿದರು. ಹದಿನಾಲ್ಕು ಎಂದಳು.

"ಹಾಗಾದ್ರೆ ನಿಮ್ಮ ಆಟದಲ್ಲಿ ಅವನೇ ಸೋತ. ಸೋತವನು ನನ್ನ ಬಿಟ್ಟು ಯಾಕೆ ಹೋದ?"

ಏನಾದರೂ ಹೊಂದಿಸಿ ಹೇಳಬಹುದಿತ್ತು. ಇಷ್ಟು ವರ್ಷ ತಮ್ಮನ ಪರವಾಗಿ ಅಪ್ಪನಿಗೆ ಹೊಂದಿಸಿ ಹೇಳಿದವಳೇ ಅವಳು. ಬರಲಿಲ್ಲ ಎಂದರೆ ಕೆಲಸ ಇತ್ತಂತೆ, ಫೋನು ಮಾಡಲಿಲ್ಲ ಎಂದರೆ ಕೆಟ್ಟುಹೋಗಿತ್ತಂತೆ. ಇವತ್ತು ಅವಳಿಗೆ ಸಾಕಾಗಿತ್ತು. ಒಂದು ಸಲವಾದರೂ ಇವರಿಗೆ ಮಗ ಎಂಥವನೆಂದು ತಿಳಿಯಲಿ, ತಿಳಿದು ನೋಯಲಿ ಅನ್ನಿಸಿತು.

"ನಿಮ್ಮನ್ನ ಕರ್ಕೊಂಡು ಹೋಗೋಕೆ ಅವನಿಗೆ ಇಷ್ಟ ಇರಲಿಲ್ಲ ಅಪ್ಪ. ಅದಕ್ಕೆ."

ಹೇಳಿದ ಕ್ಷಣ ಹಿತವಾಯಿತು. ಅಪ್ಪನ ಮುಖ ಬಾಡುವುದನ್ನು ನೋಡಲು ತಲೆಯೆತ್ತಿದಳು. ಮುಖವೇನೂ ಬಾಡಲಿಲ್ಲ. ಅಪ್ಪ ತೊಡೆಯ ಮೇಲಿನ ಚೀಲವನ್ನು ಪಕ್ಕಕ್ಕಿಟ್ಟು, ಅವಳಿಗೆ ಅನುಕೂಲವಾಗಲೆಂದು ಕಾಲನ್ನು ಮುಂದೆ ಚಾಚಿದರು.

"ಅದು ಗೊತ್ತಮ್ಮ," ಅಂದರು. "ಸೋತವರ ಪಾಲಿಗೆ ಅಪ್ಪ ಅಂತ ತಾನೇ ಆಟ. ಇಬ್ರೂ ಒಪ್ಕೊಂಡೇ ಕೂತ್ರಲ್ಲ."